ಸುಳಿ ನೋಡಿ ತಂದ ಹಾರ್ಡ್ ಡಿಸ್ಕು

ಒಂದು ವಸ್ತುವನ್ನು ನೆಮ್ಮದಿಯಿಂದ ಕೊಂಡು, ನೆಮ್ಮದಿಯಿಂದ ಮನೆಗೆ ತಂದು, ನೆಮ್ಮದಿಯಿಂದ ಬಳಸುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಆ ಭಾಗ್ಯವನ್ನು ನನ್ನ ಹಣೆಯಲ್ಲಿ ಬರೆದಿಲ್ಲ. ಒಂದು ಜೊತೆ ಚಪ್ಪಲಿಗಾಗಿ ಹುಣಸೂರಿಗೆ ಮೂರು ಸಲ ಹೋಗಿಬಂದವನು ನಾನು. ಮೊದಲನೆಯ ಸಲ ನೋಡಿ ಬಂದೆ. ಎರಡನೆಯ ಸಲ ಮೆಟ್ಟಿ ನೋಡಿ ಬಂದೆ. ಮೂರನೆಯ ಸಲ ಕೊಂಡುಕೊಂಡೇ ಬಂದೆ. ಆದರೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದವರ ಚಪ್ಪಲಿ ನನ್ನದಕ್ಕಿಂತ ಚೆನ್ನಾಗಿದೆ ಅನ್ನಿಸಿಬಿಟ್ಟಿತು. ದಾರಿಯುದ್ದಕ್ಕೂ ಅವರ ಕಾಲನ್ನೇ ನೋಡುತ್ತಿದ್ದೆ. ಪಾಪ, ಅವರು ಏನಂದುಕೊಂಡರೋ, ಕಾಲು ಎರಡನ್ನೂ ಸೀಟಿನ ಕೆಳಗೆ ಎಳೆದುಕೊಂಡು ತಮ್ಮ ಊರು ಬರುವವರೆಗೆ ಹಾಗೇ ಮುದುರಿ ಕೂತಿದ್ದರು.

ನನ್ನ ಹೆಂಡತಿ ಭಾಗ್ಯ ಈ ವಿಷಯ ಬಂದಾಗಲೆಲ್ಲ, "ನಿಮ್ ಕೈಗೇ ಬುಟ್ಟಿದ್ರೆ ನಾನಿನ್ನೂ ನಮ್ಮಪ್ಪನ ಮನೇಲೇ ಇರ್ತಿದ್ದೆ ಕಣ್ರೀ" ಅನ್ನುತ್ತಾಳೆ. ಅದು ಸುಳ್ಳೂ ಅಲ್ಲ. ಸಾಲಿಗ್ರಾಮದ ಹತ್ತಿರದ ಅವರ ಊರಿಗೆ ಹೆಣ್ಣು ನೋಡಲು ಹೋದಾಗ ನಾನು ಕಾಫಿ ಲೋಟ ಹಿಡಿದುಕೊಂಡು ಗಾಢವಾಗಿ ಯೋಚಿಸುತ್ತಿದ್ದೆ. ಕಾಫಿ ಆರುವುದರೊಳಗೆ ನಮ್ಮಣ್ಣ ಒಪ್ಪಿಗೆ ಹೇಳಿ ಎಲೆ ಅಡಿಕೆ ಬದಲಾಯಿಸಿಕೊಂಡಿದ್ದ. ಹದಿನೈದು ವರ್ಷದಿಂದ ಆ ಆಯ್ಕೆಯಲ್ಲಿ ಒಂದು ದೋಷವನ್ನೂ ಕಂಡುಹಿಡಿಯಲು ನನಗೆ ಸಾಧ್ಯವಾಗಿಲ್ಲ. ದೋಷವೇನಾದರೂ ಇದ್ದರೆ ಅದು ಕಾಫಿ ಲೋಟ ಹಿಡಿದವನಲ್ಲಿತ್ತು ಎಂಬುದು ಭಾಗ್ಯಳ ಅಭಿಪ್ರಾಯ.

ಅಣ್ಣ ಜವರೇಗೌಡ ಹುಟ್ಟಿದ್ದೇ ಆರಿಸುವುದಕ್ಕೆ. ಅವನು ಓದಿದ್ದು ಏಳನೆಯ ಕ್ಲಾಸು, ಬೆಳೆಯುವುದು ರಾಗಿ ಮತ್ತು ಹೊಗೆಸೊಪ್ಪು. ಆದರೆ ರಾವಂದೂರಿನ ಸುತ್ತ ಹತ್ತು ಹಳ್ಳಿಯಲ್ಲಿ ಯಾರೇ ಎತ್ತು ಕೊಳ್ಳುವುದಿದ್ದರೂ ಅವನನ್ನು ಕರೆದುಕೊಂಡು ಹೋಗುತ್ತಾರೆ. ದನದ ಸಂತೆಯಲ್ಲಿ ಎತ್ತಿನ ಸಾಲಿನ ನಡುವೆ ಅವನು ಒಂದು ಸಲ ಹೋಗಿ ಒಂದು ಸಲ ಬಂದರೆ ಮುಗಿಯಿತು. ಹಣೆಯ ಸುಳಿ, ಬೆನ್ನಿನ ಸುಳಿ, ಗೊರಸು, ಬಾಲ ಎಲ್ಲವನ್ನೂ ನೋಡಿ, ಬಾಯಿ ಬಿಡಿಸಿ ಹಲ್ಲೆಣಿಸಿ, ಹೆಗಲ ಮೇಲಿನ ಟವೆಲ್ ಕೈಗೆ ತಗೊಂಡನೆಂದರೆ ವ್ಯಾಪಾರ ಕುದುರಿತು ಅಂತಲೇ ಲೆಕ್ಕ. ಅವನು ಆರಿಸಿಕೊಟ್ಟ ಎತ್ತು ಉಳುವಾಗ ಮಲಗಿತು ಎಂಬ ಮಾತನ್ನು ಇವತ್ತಿಗೂ ಯಾರೂ ಆಡಿಲ್ಲ. ಅಣ್ಣನಿಗೆ ಬೇರೆ ಆಸ್ತಿಯ ಮೇಲೆ ಅಷ್ಟು ಅಭಿಮಾನವಿಲ್ಲ. ತನ್ನ ಕಣ್ಣಿನ ಮೇಲಿದೆ. ಅದೇ ರಕ್ತ ಹಂಚಿಕೊಂಡು ಹುಟ್ಟಿದ ನಾನು ಹೋಬಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೇನೆ.

ನಮ್ಮ ಮನೆ ಭಾಗವಾಗಿ ಎಷ್ಟೋ ವರ್ಷವಾಯಿತು. ಜಗಳವೇನೂ ಆಗಲಿಲ್ಲ. ಜಗಳವಾಗುವ ಮೊದಲೇ ಭಾಗ ಮಾಡಿಕೊಳ್ಳುವುದು ಲೇಸು ಅಂತ ಅವ್ವನೇ ಮುಂದೆ ನಿಂತು ಹೊಲ, ದನ, ಹಂಡೆ, ಒನಕೆ ಎಲ್ಲವನ್ನೂ ಹಂಚಿಸಿದಳು. ಹಿತ್ತಿಲಿಗೆ ಅಡ್ಡಲಾಗಿ ಒಂದು ಗೋಡೆ ಎದ್ದಿತು. ಅವ್ವ ಗೋಡೆಯ ಆ ಕಡೆ, ಅಣ್ಣನ ಮನೆಯಲ್ಲಿ ಉಳಿದಳು. ನನ್ನ ಮನೆಯ ನೆಲ ಜಾರುತ್ತದೆ, ಕೊಟ್ಟಿಗೆ ಇಲ್ಲದ ಮನೆಯಲ್ಲಿ ತನಗೆ ಹೊತ್ತು ಹೋಗುವುದಿಲ್ಲ ಎಂಬುದು ಅವಳು ಕೊಟ್ಟ ಕಾರಣ. ಎಲ್ಲವೂ ಎರಡಾದ ಮೇಲೆ ಎರಡಾಗಿಸಲು ಬಾರದೆ ಉಳಿದದ್ದು ಒಂದೇ, ನಮ್ಮ ಮನೆತನದ ಫೋಟೋಗಳು ಮತ್ತು ತಂಗಿಯ ಮದುವೆಯ ವಿಡಿಯೋ. ಅವೆಲ್ಲ ನನ್ನ ಕಂಪ್ಯೂಟರಿನಲ್ಲಿ ಎರಡನೆಯದಾಗಿ ಕೂರಿಸಿದ್ದ ಒಂದು ಹಳೆಯ ಹಾರ್ಡ್ ಡಿಸ್ಕಿನಲ್ಲಿದ್ದವು. ಅಣ್ಣನ ಮನೆಗೂ ಒಂದು ಕಂಪ್ಯೂಟರು ಬಂದ ಮೇಲೆ ನಾನು ಗೋಡೆಯ ಮೇಲಿಂದ, ಸೀಬೆ ಮರದ ಕೊಂಬೆಗೆ ಒಂದು ಸುತ್ತು ಹಾಕಿ, ನೀಲಿ ವೈರು ಎಳೆದು ಎರಡು ಮನೆಯ ಕಂಪ್ಯೂಟರುಗಳನ್ನೂ ಸೇರಿಸಿದೆ. ಅದರ ಮೇಲೆ ಅತ್ತಿಗೆ ಕೆಲವು ಸಲ ಬಟ್ಟೆ ಒಣಹಾಕುತ್ತಾಳೆ. ಒದ್ದೆ ಪಂಚೆಯ ಭಾರಕ್ಕೆ ವೈರು ಜಗ್ಗಿದಾಗ ನಮ್ಮೆರಡು ಮನೆಯ ಸಂಪರ್ಕ ಕಡಿಯುತ್ತದೆ.

ಆ ಮದುವೆಯ ವಿಡಿಯೋ ಅಷ್ಟು ಮುಖ್ಯವೇಕೆಂದು ಹೇಳಿಬಿಡುತ್ತೇನೆ. ನಮ್ಮಪ್ಪ ಬದುಕಿದ್ದಷ್ಟು ದಿನವೂ ಕ್ಯಾಮೆರಾದ ಮುಂದೆ ನಿಂತವರಲ್ಲ. ಗೋಡೆಯ ಮೇಲಿರುವ ಅವರ ಪಟವನ್ನೂ ಯಾರದೋ ಗುಂಪಿನ ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಪಕ್ಕದವರ ಕಿವಿ ಅದರಲ್ಲಿ ಇನ್ನೂ ಉಳಿದಿದೆ. ಮದುವೆಯ ದಿನ ಮಾತ್ರ ಅಡುಗೆ ಚಪ್ಪರದ ಹತ್ತಿರ ಅವರು ವಿಡಿಯೋದವನ ಕೈಗೆ ಸಿಕ್ಕಿಬಿದ್ದರು. ಹೆಗಲ ಮೇಲೆ ಸೌಟು ಇಟ್ಟುಕೊಂಡು ಬರುತ್ತಿದ್ದವರು ನಿಂತು, ಕ್ಯಾಮೆರಾವನ್ನೇ ದಿಟ್ಟಿಸಿ ನೋಡಿ, ಕೆಮ್ಮಿ, "ಅದೇನ್ಲಾ ಬೆಳಗಿಂದ ಇಡ್ಕೊಂಡೇ ಇದ್ದೀಯ, ಮೊದ್ಲು ಉಂಡ್ಕಬಾ ಓಗು" ಅನ್ನುತ್ತಾರೆ. ಅಷ್ಟೇ. ನಿಂತದ್ದು, ಕೆಮ್ಮಿದ್ದು, ಆ ಮಾತು, ಎಲ್ಲ ಸೇರಿ ಅರ್ಧ ನಿಮಿಷವೂ ಇಲ್ಲ. ಅಪ್ಪನ ದನಿ ಇರುವುದು ಜಗತ್ತಿನಲ್ಲಿ ಅದೊಂದೇ ಕಡೆ. ಅಪ್ಪ ತೀರಿಕೊಂಡದ್ದು ಗುರುವಾರ. ಅದಕ್ಕೇ ಪ್ರತಿ ಗುರುವಾರ ಸಂಜೆ ದೀಪ ಹಚ್ಚಿ, ಅವ್ವ ಅಣ್ಣನ ಮನೆಯ ಕಂಪ್ಯೂಟರಿನ ಮುಂದೆ ಕೂತು ಅದನ್ನು ಒಂದು ಸಲ ನೋಡುತ್ತಾಳೆ. ಎರಡನೆಯ ಸಲ ಹಾಕಲೇ ಎಂದರೆ ಬೇಡ ಅನ್ನುತ್ತಾಳೆ.

ಅಷ್ಟು ಅಮೂಲ್ಯವಾದದ್ದಕ್ಕೆ ಇನ್ನೊಂದು ಪ್ರತಿ ಇರಲಿಲ್ಲವೇ ಎಂದು ನೀವು ಕೇಳುವುದು ನ್ಯಾಯ. ಮೂಲ ಕ್ಯಾಸೆಟ್ಟು ಬೂಸಲು ಹಿಡಿದು ಹೋಯಿತು. ಒಂದು ಸಿ.ಡಿ.ಗೂ ಹಾಕಿಸಿದ್ದೆ. ಆದರೆ ನಮ್ಮ ಕಡೆ ಹಾಳಾದ ಸಿ.ಡಿ.ಗಳನ್ನು ದಾರಕ್ಕೆ ಕಟ್ಟಿ ಹೊಲದಲ್ಲಿ ತೂಗುಹಾಕುತ್ತಾರೆ, ಅದರ ಹೊಳಪಿಗೆ ಗಿಣಿ ಗುಬ್ಬಚ್ಚಿ ಹೆದರುತ್ತವೆ ಅಂತ. ನಾನು ಕೊಟ್ಟ ಹಾಳು ಸಿ.ಡಿ.ಗಳ ಕಟ್ಟಿನಲ್ಲಿ ಹಾಳಾಗದ ಅದೂ ಸೇರಿಹೋಗಿತ್ತು. ಗೊತ್ತಾಗುವ ಹೊತ್ತಿಗೆ ಒಂದು ಮಳೆಗಾಲ ಕಳೆದು, ಸಿ.ಡಿ.ಯ ಬೆಳ್ಳಿ ಬಣ್ಣವೆಲ್ಲ ಎದ್ದುಹೋಗಿ ಅದು ಬರಿಯ ಗಾಜಿನಂಥ ಬಿಲ್ಲೆಯಾಗಿತ್ತು. ನಾನು ತಲೆ ತಗ್ಗಿಸಿ ನಿಂತಿದ್ದರೆ ಅವ್ವ, ಬದುಕಿದ್ದಾಗಲೂ ಅವರು ಜೋಳದ ಹೊಲ ಕಾಯ್ತಾನೇ ಇದ್ದರಲ್ಲ ಬಿಡು ಅಂದಳು.

ಹೀಗಿರುವಾಗ ಒಂದು ದಿನ ಆ ಹಳೆಯ ಡಿಸ್ಕು ಟಕ್ ಟಕ್ ಅನ್ನತೊಡಗಿತು. ಸ್ವಲ್ಪ ಹೊತ್ತು ಸುಮ್ಮನಿರುವುದು, ಮತ್ತೆ ಟಕ್ ಟಕ್. ನನ್ನ ಎದೆ ಅದರ ಜೊತೆ ತಾಳ ಹಾಕಲು ಶುರುಮಾಡಿತು. ಹೀಗೆ ಸದ್ದು ಮಾಡುವ ಡಿಸ್ಕಿಗೆ ಆಯಸ್ಸು ಮುಗಿಯಿತು ಅಂತಲೇ ಅರ್ಥ ಎಂದು ಇಂಟರ್ನೆಟ್ಟಿನಲ್ಲಿ ಎಲ್ಲರೂ ಬರೆದಿದ್ದರು. ಎರಡು ಡಿಸ್ಕು ಕೂರಿಸುವ ಒಂದು ಪುಟ್ಟ ಪೆಟ್ಟಿಗೆ ಸಿಗುತ್ತದೆ, ಅದನ್ನು ಮನೆಯ ವೈರಿಗೆ ಸೇರಿಸಿದರೆ ಯಾವ ಕಂಪ್ಯೂಟರಿನಿಂದಲಾದರೂ ನೋಡಬಹುದು, ಒಂದು ಡಿಸ್ಕಿಗೆ ಬರೆದದ್ದು ತಾನಾಗಿಯೇ ಇನ್ನೊಂದಕ್ಕೂ ಹೋಗುತ್ತದೆ, ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ ಎಂದೂ ಅಲ್ಲೇ ಓದಿದೆ. ಪೆಟ್ಟಿಗೆ ಕೊಳ್ಳುವುದೇನೋ ಸುಲಭವಾಯಿತು, ಏಕೆಂದರೆ ಹುಣಸೂರಿನ ಕಂಪ್ಯೂಟರ್ ಅಂಗಡಿ ನಾಗೇಶನಲ್ಲಿ ಇದ್ದದ್ದು ಒಂದೇ ಪೆಟ್ಟಿಗೆ. ಒಳಗೆ ಕೂರಿಸುವ ಡಿಸ್ಕು ಯಾವುದು ಎನ್ನುವಲ್ಲಿಗೆ ನನ್ನ ನೆಮ್ಮದಿ ಕೆಟ್ಟಿತು.

ಆಗ ತಾನೇ ಟೆರಾಬೈಟ್ ಎನ್ನುವ ಮಾತು ನಮ್ಮ ಕಡೆಗೆ ಬಂದಿತ್ತು. ಅರ್ಧ ಟೆರಾಬೈಟಿನದು ಸಾಕೇ, ಒಂದರದು ಬೇಕೇ? ನಿಮಿಷಕ್ಕೆ ಐದು ಸಾವಿರ ಚಿಲ್ಲರೆ ಸುತ್ತು ತಿರುಗುವುದು ತಣ್ಣಗಿರುತ್ತದಂತೆ. ಏಳು ಸಾವಿರ ಚಿಲ್ಲರೆ ತಿರುಗುವುದು ಚುರುಕಂತೆ. ಯಾವ ಕಂಪನಿಯದು? ನೀಲಿ ಡಬ್ಬದ ಕಂಪನಿಯನ್ನು ಹೊಗಳಿದವರ ಕೆಳಗೇ ಇನ್ನೊಬ್ಬ, ಅದನ್ನು ನಂಬಿ ಮಗುವಿನ ಮೊದಲ ಹುಟ್ಟುಹಬ್ಬ ಕಳೆದುಕೊಂಡೆ ಎಂದು ಗೋಳಾಡಿದ್ದ. ಸರಿ ಎಂದು ಹಸಿರು ಡಬ್ಬದ ಕಂಪನಿಯ ಕಡೆ ತಿರುಗಿದರೆ ಅಲ್ಲೂ ಒಬ್ಬನ ಮದುವೆ ಅಳಿಸಿಹೋಗಿತ್ತು. ಡಿಸ್ಕು ಕೆಟ್ಟವರೆಲ್ಲ ಬರೆಯುತ್ತಾರೆ, ಕೆಡದವರು ನೆಮ್ಮದಿಯಾಗಿ ಮನೆಯಲ್ಲಿರುತ್ತಾರೆ ಎನ್ನುವ ಸಣ್ಣ ಸಂಗತಿ ವಿಜ್ಞಾನದ ಮೇಷ್ಟ್ರಿಗೆ ಹೊಳೆಯಲಿಲ್ಲ. ಹುಣಸೂರಿನ ಇಂಟರ್ನೆಟ್ ಅಂಗಡಿಯಲ್ಲಿ ಕೂತು ಓದಿದ್ದನ್ನೆಲ್ಲ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ ಬಂದೆ. ಮುಖ್ಯವಾದದ್ದಕ್ಕೆ ಕೆಂಪು ಶಾಯಿಯಲ್ಲಿ ಗೆರೆ, ಬಹಳ ಮುಖ್ಯವಾದದ್ದಕ್ಕೆ ಎರಡು ಗೆರೆ. ಪರೀಕ್ಷೆಗೆ ನಾನು ಮಕ್ಕಳಿಗೆ ಹೇಳಿಕೊಡುವ ಕ್ರಮವೇ ಅದು.

ಶಾಲೆಯಲ್ಲಿ ಬೆಳಕಿನ ವೇಗ ಬರೆಯಬೇಕಾದ ಕಡೆ ಬೋರ್ಡಿನ ಮೇಲೆ ಏಳು ಸಾವಿರದ ಇನ್ನೂರು ಎಂದು ಬರೆದೆ. ಒಂಬತ್ತನೆಯ ಕ್ಲಾಸಿನವರು ಅದನ್ನು ಹಾಗೇ ಬರೆದುಕೊಂಡರು, ಕೆಲವರು ಬಾಯಿಪಾಠವನ್ನೂ ಮಾಡಿದರು. ಊಟಕ್ಕೆ ಕೂತರೆ ಮುದ್ದೆ ಮುರಿದವನು ಮುರಿದ ತುತ್ತನ್ನು ಕೈಯಲ್ಲೇ ಹಿಡಿದಿರುತ್ತಿದ್ದೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಎದ್ದುಹೋಗಿ ಕಂಪ್ಯೂಟರಿಗೆ ಕಿವಿ ಕೊಡುತ್ತಿದ್ದೆ. ಟಕ್ ಅಂದರೆ ಹೋಯಿತೆಂದು ಹೆದರಿಕೆ. ಟಕ್ ಅನ್ನದಿದ್ದರೆ ಹೋಗಿಯೇಬಿಟ್ಟಿತೆಂದು ಹೆದರಿಕೆ. ಪ್ರತಿ ಗುರುವಾರ ಸಂಜೆ ಗೋಡೆಯ ಆಚೆಯಿಂದ ಅಪ್ಪನ ಕೆಮ್ಮು ಕೇಳಿಸಿದ ಮೇಲೆಯೇ ನನಗೆ ಉಸಿರು ಬರುತ್ತಿತ್ತು.

ಇನ್ನೇನು ನೀಲಿ ಡಬ್ಬವೇ ಎಂದು ನಿರ್ಧರಿಸಿದೆ ಅನ್ನುವಾಗ ಆಷಾಢ ಬಂತು. ಆಷಾಢದಲ್ಲಿ ಹೊಸದೇನನ್ನೂ ತರಬಾರದೆಂದು ಭಾಗ್ಯ ತಡೆದಳು. ವಿಜ್ಞಾನದವನಾಗಿ ನಾನು ಪ್ರತಿಭಟಿಸಬೇಕಿತ್ತು. ಆದರೆ ಇನ್ನೊಂದು ತಿಂಗಳು ಯೋಚಿಸಲು ಸಿಕ್ಕಿತಲ್ಲ ಎಂದು ಒಳಗೊಳಗೇ ಖುಷಿಪಟ್ಟೆ. ಶ್ರಾವಣ ಬಂದ ಮೇಲೆ, ಭಾನುವಾರ ಅಂಗಡಿ ತೆರೆಯದ್ದರಿಂದ, ನನಗೆ ಬಿಡುವಿದ್ದದ್ದು ಶನಿವಾರ ಮಧ್ಯಾಹ್ನ. ಶನಿವಾರ ಕಬ್ಬಿಣ ಮನೆಗೆ ತರುವಂತಿಲ್ಲ ಎಂದು ಅವ್ವ ಗೋಡೆಯ ಆಚೆಯಿಂದಲೇ ಹೇಳಿದಳು. ಡಿಸ್ಕಿನ ಮೈ ಅಲ್ಯುಮಿನಿಯಂ ಎಂದು ನಾನು ವಾದಿಸಿದೆ. ಒಳಗೆ? ಎಂದು ಅವ್ವ ಕೇಳಿದಳು. ಒಳಗೆ ಅಯಸ್ಕಾಂತವಿದೆ ಎಂದು ಸತ್ಯ ಹೇಳಬೇಕಾಯಿತು. ಅಯಸ್ಕಾಂತ ಕಬ್ಬಿಣದ ಅಪ್ಪನೋ ಮಗನೋ ಎಂದು ಅವಳು ಕೇಳಿದ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಉತ್ತರವಿರಲಿಲ್ಲ.

ಕೊನೆಗೆ ಅಣ್ಣನೇ ಎದ್ದ. ಒಂದು ಬುಧವಾರ ನನಗೆ ರಜೆ ಹಾಕಿಸಿ, ಬಿಳಿ ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿ, "ನಡಿ, ಅದೇನು ಅಂತ ನಾನೇ ನೋಡ್ತೀನಿ" ಎಂದು ಹುಣಸೂರಿಗೆ ಹೊರಡಿಸಿದ. ಬಸ್ಸಿನಲ್ಲಿ ನಾನು ಅವನಿಗೆ ಟೆರಾಬೈಟು, ಸುತ್ತು, ಬಿಸಿ ಎಲ್ಲ ವಿವರಿಸಿದೆ. ಅವನು ಕೇಳಿಸಿಕೊಂಡು, ಎಷ್ಟು ಹೊರುತ್ತದೆ, ಎಷ್ಟು ಓಡುತ್ತದೆ, ಬೇಗ ಬೆವರುತ್ತದಾ, ಇಷ್ಟೇ ತಾನೇ ಅಂದ. ಎರಡು ತಿಂಗಳ ನನ್ನ ವ್ಯಾಸಂಗ ಆ ಮೂರು ಮಾತಿನಲ್ಲಿ ಮುಗಿದುಹೋಗಿತ್ತು.

ನಾಗೇಶನ ಅಂಗಡಿ ಹೆದ್ದಾರಿಯ ಬದಿಯಲ್ಲಿದೆ. ಒಳಗೆ ನಾಗೇಶ, ಬಾಗಿಲ ಹತ್ತಿರ ಕುರ್ಚಿಯ ಮೇಲೆ ಬೀಡಿ ಸೇದುತ್ತ ಅವನ ಅಪ್ಪ. ನಾಗೇಶ ಡಬ್ಬಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಅಣ್ಣ ಒಂದೊಂದನ್ನೇ ಹೊರಗೆ ತೆಗೆದು ಕೈಯಲ್ಲಿ ತೂಗಿ, ಮಗುಚಿ, ಬೆನ್ನು ಸವರಿ, ಮೂಲೆಯ ತಿರುಪುಗಳನ್ನು ಎಣಿಸಿ, ಕಿವಿಯ ಹತ್ತಿರ ಹಿಡಿದ. ಹಲ್ಲು ನೋಡಲು ಬಾಯಿ ಎಲ್ಲಿ ಎಂದು ಹುಡುಕುವವನಂತೆ ವೈರು ಚುಚ್ಚುವ ಕಡೆಗೂ ಇಣುಕಿದ. ಆಮೇಲೆ ತಲೆಯೆತ್ತಿ, "ನಾಗೇಸಪ್ಪ, ನಿಮ್ ಸ್ವಂತಕ್ಕೆ ಮನೇಲಿ ಯಾವ್ದು ಕಟ್ಟಿದ್ದೀರಿ?" ಎಂದು ಕೇಳಿದ. ಎರಡು ತಿಂಗಳಲ್ಲಿ ನೂರಾರು ಅಪರಿಚಿತರ ಗೋಳು ಓದಿದ ನನಗೆ ಈ ಪ್ರಶ್ನೆ ಕೇಳಬೇಕೆಂದು ಒಮ್ಮೆಯೂ ತೋಚಿರಲಿಲ್ಲ. ನಾಗೇಶ ಹಸಿರು ಡಬ್ಬ ತೋರಿಸಿದ. ಅಣ್ಣ ಹಸಿರು ಡಬ್ಬಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕವನ್ನು ಪಕ್ಕಕ್ಕೆ ಸರಿಸಿದ.

ಇನ್ನು ಜೋಡಿ ಕಟ್ಟಬೇಕಿತ್ತು. ಅಣ್ಣ ಡಿಸ್ಕಿನ ಮೇಲೆ ಅಂಟಿಸಿದ್ದ ಚೀಟಿಗಳ ನಂಬರನ್ನು ನನ್ನಿಂದ ಓದಿಸಿದ. ಎರಡರ ನಂಬರು ಒಂದರ ಹಿಂದೆ ಒಂದು ಬಂತು. ಕೊನೆಯ ಅಂಕಿ ಒಂದರದು ನಾಲ್ಕು, ಇನ್ನೊಂದರದು ಐದು. ಅಣ್ಣನ ಮುಖ ಅರಳಿತು. ಒಂದೇ ಕೊಟ್ಟಿಗೆಯಲ್ಲಿ ಒಂದೇ ದಿನ ಹುಟ್ಟಿದ ಜೋಡಿ ಇಡೀ ಸಂತೆ ಹುಡುಕಿದರೂ ಸಿಗುವುದಿಲ್ಲ ಅಂದ. ನಾಗೇಶ ಸಂಕೋಚದಿಂದಲೇ, ಸಾರ್, ಎರಡೂ ಒಂದೇ ಕಂಪನಿಯದು ಬೇಡ, ಒಂದು ಇದು ಒಂದು ಅದು ತಗೊಳ್ಳಿ ಎಂದು ಬಾಯಿ ಹಾಕಿದ. ಅಣ್ಣ ಅವನನ್ನು ಕನಿಕರದಿಂದ ನೋಡಿ, "ಒಂದ್ ಕಡೆ ಹಳ್ಳಿಕಾರ ಎತ್ತು, ಇನ್ನೊಂದ್ ಕಡೆ ಎಮ್ಮೆ ಕಟ್ಟಿ ಉಳಕ್ಕಾದದಾ?" ಅಂದ. ಬಾಗಿಲಲ್ಲಿ ಕೂತಿದ್ದ ನಾಗೇಶನ ಅಪ್ಪ ಬೀಡಿ ಬಾಯಿಂದ ತೆಗೆದು ಗಟ್ಟಿಯಾಗಿ ನಕ್ಕರು. ನಾನೂ ನಕ್ಕೆ.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ನಾಗೇಶ ಹೇಳಿದ ಮಾತು ನನ್ನ ಜೇಬಿನಲ್ಲೇ ಇತ್ತು. ನೋಟ್‌ಬುಕ್ಕಿನ ಮೂರನೆಯ ಹಾಳೆಯಲ್ಲಿ, "ಜೋಡಿಗೆ ಒಂದೇ ಕಂಪನಿಯ, ಒಂದೇ ದಿನ ತಯಾರಾದ ಡಿಸ್ಕು ಬೇಡ; ಒಟ್ಟಿಗೆ ಹುಟ್ಟಿದವು ಒಟ್ಟಿಗೇ ಕೆಡುತ್ತವೆ" ಎಂದು ನಾನೇ ಬರೆದುಕೊಂಡು, ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದೆ. ಜೇಬಿಗೆ ಕೈ ಹಾಕಿದರೆ ಸಾಕಿತ್ತು. ಹಾಕಲಿಲ್ಲ. ಎರಡು ತಿಂಗಳಿಂದ ತಲೆಯೊಳಗೆ ತಿರುಗುತ್ತಿದ್ದದ್ದು ಅವತ್ತು ಮೊದಲ ಸಲ ನಿಂತಿತ್ತು. ಯಾರೋ ನನಗಾಗಿ ಆರಿಸಿಬಿಟ್ಟಿದ್ದರು. ಬಾಯಿ ತೆರೆದರೆ ಮತ್ತೆ ನೀಲಿ, ಮತ್ತೆ ಹಸಿರು, ಮತ್ತೆ ಟಕ್ ಟಕ್. ಸುಮ್ಮನಿರುವುದು ಎಷ್ಟು ಹಾಯಾಗಿತ್ತೆಂದರೆ ನಾನು ಸುಮ್ಮನೇ ಇದ್ದೆ.

ಅಣ್ಣ ಟವೆಲ್ ತೆಗೆದು ನಾಗೇಶನ ಕೈಯ ಮೇಲೆ ಹಾಸಿ, ಅದರ ಕೆಳಗೆ ಅವನ ಬೆರಳು ಹಿಡಿದ. ಸಂತೆಯಲ್ಲಿ ಬೆಲೆ ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಸುಕಿ ಕೇಳುತ್ತಾರೆ. ಇದು ಗೊತ್ತಿಲ್ಲದ ನಾಗೇಶ ಗಾಬರಿಯಾಗಿ ಕೈ ಎಳೆದುಕೊಂಡ. ಆಗ ಅವನ ಅಪ್ಪ ಎದ್ದು ಬಂದು, ಮಗನನ್ನು ಪಕ್ಕಕ್ಕೆ ಸರಿಸಿ, ತಮ್ಮ ಕೈಯನ್ನು ಟವೆಲ್ಲಿನೊಳಗೆ ತೂರಿಸಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ, ಒಬ್ಬ ಹೆದ್ದಾರಿಯ ಲಾರಿಗಳನ್ನೂ ಇನ್ನೊಬ್ಬರು ಗೋಡೆಯ ಕ್ಯಾಲೆಂಡರನ್ನೂ ನೋಡುತ್ತ ನಿಂತರು. ಸ್ವಲ್ಪ ಹೊತ್ತಿಗೆ ಇಬ್ಬರೂ ಏಕಕಾಲಕ್ಕೆ ತಲೆ ಆಡಿಸಿದರು. ವ್ಯಾಪಾರ ಮುಗಿದಿತ್ತು. ಯಾವ ಬೆಲೆಗೆ ಎಂದು ಬಿಲ್ಲು ಬರೆಯುವಾಗ ನಾಗೇಶನೇ ತನ್ನ ಅಪ್ಪನನ್ನು ಕೇಳಬೇಕಾಯಿತು.

ಜೋಡಿ ಮನೆಗೆ ಬಂತು. ಅತ್ತಿಗೆ ಆರತಿ ಎತ್ತಿ ಕುಂಕುಮ ಇಟ್ಟಳು. ಪೆಟ್ಟಿಗೆಯಲ್ಲಿ ಎರಡು ಹಸಿರು ದೀಪ ಹತ್ತಿದವು. ಫೋಟೋ ವಿಡಿಯೋ ಎಲ್ಲವನ್ನೂ ಅದಕ್ಕೆ ಸಾಗಿಸಿ, ಹಳೆಯ ಡಿಸ್ಕನ್ನು ಬಿಚ್ಚಿ ತೆಗೆದೆ. ಅದನ್ನು ಶಾಲೆಯ ಪ್ರಯೋಗಾಲಯಕ್ಕೆ ಒಯ್ದು, ಒಡೆದು, ಒಳಗಿನ ಅಯಸ್ಕಾಂತ ಮಕ್ಕಳಿಗೆ ತೋರಿಸಬೇಕೆಂದಿದ್ದೆ. ಅಣ್ಣ ಒಪ್ಪಲಿಲ್ಲ. ಇಷ್ಟು ವರ್ಷ ದುಡಿದದ್ದನ್ನು ಕಟುಕರಿಗೆ ಕೊಡುತ್ತಾರೇನೋ ಎಂದು ನನ್ನ ಕೈಯಿಂದ ಕಿತ್ತುಕೊಂಡು, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಗೋಡೆಯ ಆಚೆಗೆ ಒಯ್ದ. ಅದನ್ನು ಎಲ್ಲಿಟ್ಟನೆಂದು ನಾನು ಕೇಳಲಿಲ್ಲ. ಕೆಮ್ಮುವ ಡಿಸ್ಕಿನ ಚಿಂತೆ ಬಿಟ್ಟುಹೋಯಿತಲ್ಲ ಅಂತಿದ್ದೆ.

ನೆಮ್ಮದಿ ಸಿಕ್ಕಿತೇ ಅಂದರೆ ಅದೂ ಇಲ್ಲ. ಶಾಲೆಯಿಂದ ಬಂದವನು ಚಪ್ಪಲಿ ಬಿಡುವ ಮೊದಲು ಪೆಟ್ಟಿಗೆಯ ಮೇಲೆ ಕೈ ಇಟ್ಟು ಬಿಸಿ ನೋಡುತ್ತಿದ್ದೆ. ನನಗೆ ಜ್ವರ ಬಂದಾಗ ಒಂದು ಸಲವಾದರೂ ಹಾಗೆ ಹಣೆ ಮುಟ್ಟಿ ನೋಡಿದ್ದೀರಾ ಎಂದು ಭಾಗ್ಯ ಕೇಳಿದಳು. ಪೆಟ್ಟಿಗೆಯನ್ನು ಒಂದು ದಿನವೂ ನಿಲ್ಲಿಸುತ್ತಿರಲಿಲ್ಲ. ಕರೆಂಟು ಹೋದಾಗಲೂ ನಿಲ್ಲದಂತೆ ಬ್ಯಾಟರಿ ಕೂರಿಸಿದ್ದೆ. ನಮ್ಮಲ್ಲಿ ಸೋಮವಾರ ಬಸವಣ್ಣನ ದಿನ, ಎತ್ತಿಗೆ ನೊಗ ಹೂಡುವುದಿಲ್ಲ. ಇದಕ್ಕೂ ಒಂದು ಸೋಮವಾರ ಕೊಡೋ ಎಂದು ಅಣ್ಣ ಎರಡು ಮೂರು ಸಲ ಹೇಳಿದ. ಯಂತ್ರಕ್ಕೆ ಎಂಥ ಸೋಮವಾರ ಎಂದು ನಾನು ನಕ್ಕೆ.

ಒಂದು ವರ್ಷದ ಮೇಲೆ ಸ್ವಲ್ಪ ದಿನ ಕಳೆದಿರಬೇಕು. ಒಂದು ಸೋಮವಾರವೇ, ಎಡಗಡೆಯ ದೀಪ ಕೆಂಪಾಯಿತು. ಗಾಬರಿಯಾದರೂ ಧೈರ್ಯವಿತ್ತು, ಬಲಗಡೆಯದು ಇದೆಯಲ್ಲ. ನಾಗೇಶನಿಗೆ ಫೋನು ಮಾಡಿದೆ. ಹೊಸದು ಮೈಸೂರಿನಿಂದ ಬರಲು ಶುಕ್ರವಾರ ಆಗುತ್ತದೆ ಅಂದ. ಬುಧವಾರ ಶಾಲೆಯಿಂದ ಬಂದು ನೋಡಿದರೆ ಬಲಗಡೆಯದೂ ಕೆಂಪು. ಎರಡು ಕೆಂಪು ದೀಪ, ನೋಟ್‌ಬುಕ್ಕಿನ ಎರಡು ಕೆಂಪು ಗೆರೆಗಳ ಹಾಗೆ. ಮಾರನೆಯ ದಿನ ಗುರುವಾರ.

ಗುರುವಾರ ಸಂಜೆ ಅವ್ವ ದೀಪ ಹಚ್ಚಿ ಕೂತಳು. ನಾನು ಗೋಡೆ ದಾಟಿ ಹೋಗಿ, ವೈರನ್ನು ಅಳಿಲು ಕಡಿದಿದೆ, ಇವತ್ತು ಬರುವುದಿಲ್ಲ ಎಂದು ಸುಳ್ಳು ಹೇಳಿದೆ. ಅಳಿಲು ಎಂದದ್ದಕ್ಕೆ ಅವ್ವ ಸೀಬೆ ಮರದ ಕಡೆ ನೋಡಿ, ನನ್ನ ಮುಖ ನೋಡಿದಳು. ಆಮೇಲೆ, "ಬುಡು ಮಗ, ಅದೇನು ನಂಗೆ ಬಾಯಲ್ಲೇ ಬತ್ತದೆ" ಎಂದು, ಕಪ್ಪಗಿದ್ದ ಕಂಪ್ಯೂಟರಿನ ಪರದೆಯನ್ನೇ ನೋಡುತ್ತ, ಒಂದು ಸಲ ಸಣ್ಣಗೆ ಕೆಮ್ಮಿದಳು. ಅಪ್ಪ ಎಲ್ಲಿ ಮಾತು ನಿಲ್ಲಿಸಿದರೋ ಅಲ್ಲಿ ನಿಲ್ಲಿಸಿ, ಎಲ್ಲಿ ಉಸಿರು ಎಳೆದರೋ ಅಲ್ಲಿ ಎಳೆದು, ಮೊದ್ಲು ಉಂಡ್ಕಬಾ ಓಗು ಎಂದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಿತ್ತಿಲಿಗೆ ಬಂದು ಕೊಟ್ಟಿಗೆಯ ಕಂಬ ಹಿಡಿದು ಅತ್ತುಬಿಟ್ಟೆ. ನಲವತ್ತು ದಾಟಿದ ಮೇಷ್ಟ್ರು ಹಾರ್ಡ್ ಡಿಸ್ಕಿಗಾಗಿ ಅಳುವುದನ್ನು ಅಣ್ಣನ ಎರಡು ಎತ್ತುಗಳೂ ಮೆಲುಕು ನಿಲ್ಲಿಸಿ ನೋಡಿದವು.

ಅಣ್ಣ ಮೇವು ಹಾಕಲು ಬಂದವನು ನನ್ನನ್ನು ಕಂಡ. ಎಲ್ಲವನ್ನೂ ಹೇಳಿದೆ, ಎಲ್ಲವನ್ನೂ ಎಂದರೆ ನೋಟ್‌ಬುಕ್ಕಿನದೊಂದನ್ನು ಬಿಟ್ಟು. ಅವನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಜೋಡಿಯಲ್ಲಿ ಒಂದು ಹೋದರೆ ಇನ್ನೊಂದು ಮೇವು ಬಿಡುವುದನ್ನು ತಾನೂ ಕಂಡದ್ದುಂಟು, ಆದರೂ ಹೊಳೆಯಲಿಲ್ಲ ಅಂದ. ಆಮೇಲೆ ಹುಲ್ಲಿನ ಕಂತೆ ಕೆಳಗಿಟ್ಟು, "ನಾನೇ ನೋಡಿ ತಂದ ಜೋಡಿ. ನನ್ ಕಣ್ಣು ಮೋಸ ಓಯ್ತು ಕಣ್ಲಾ" ಎಂದ. ಹತ್ತು ಹಳ್ಳಿ ನಂಬುವ ಕಣ್ಣು ಅದು. ನೋಟ್‌ಬುಕ್ ಈಗ ಜೇಬಿನಲ್ಲಿ ಇಲ್ಲದಿದ್ದರೂ ನನ್ನ ಜೇಬು ಭಾರವಾಯಿತು. ಆದರೂ ನಾನು ಬಾಯಿ ಬಿಡಲಿಲ್ಲ.

ಅಣ್ಣ ನನ್ನನ್ನು ಒಳಗೆ ಕರೆದುಕೊಂಡು ಹೋಗಿ, ಅಡುಗೆಮನೆಯ ಮೂಲೆಯ ರಾಗಿ ಗುಡಾಣದ ಮುಚ್ಚಳ ತೆಗೆದ. ತೋಳು ಮುಳುಗುವವರೆಗೆ ರಾಗಿಯೊಳಗೆ ಕೈ ಇಳಿಸಿ, ತಡಕಾಡಿ, ಪಂಚೆಯ ತುಂಡಿನ ಗಂಟೊಂದನ್ನು ಮೇಲೆತ್ತಿದ. ಅದು ಆ ಹಳೆಯ ಡಿಸ್ಕು. ರಾಗಿಯಲ್ಲಿಟ್ಟದ್ದಕ್ಕೆ ಥಂಡಿ ತಾಗುವುದಿಲ್ಲ, ಅವ್ವ ಕಿವಿಯೋಲೆಯನ್ನೂ ಅಲ್ಲೇ ಇಡುವುದು ಅಂದ. ನಾನು ಅದನ್ನು ಎದೆಗೆ ಅವಚಿಕೊಂಡು ಓಡಿದೆ. ಸಂದಿಗೊಂದಿಯ ರಾಗಿಕಾಳು ಊದಿ, ಕಂಪ್ಯೂಟರಿಗೆ ಸೇರಿಸಿ, ಗುಂಡಿ ಒತ್ತಿದೆ. ಟಕ್ ಟಕ್ ಎಂದಿತು. ಮತ್ತೆ ಟಕ್ ಎಂದಿತು. ಭಾಗ್ಯ, ಅಣ್ಣ, ಅತ್ತಿಗೆ ಮೂವರೂ ನನ್ನ ಬೆನ್ನ ಹಿಂದೆ ನಿಂತಿದ್ದರು. ಆಮೇಲೆ ಪರದೆಯ ಮೇಲೆ ತಂಗಿಯ ಮದುವೆ ಬಂತು, ಅಡುಗೆ ಚಪ್ಪರ ಬಂತು, ಸೌಟು ಹೊತ್ತ ಅಪ್ಪ ಬಂದು ನಿಂತರು, ಕೆಮ್ಮಿದರು. ಗೋಡೆಯ ಆಚೆಯಿಂದ ಅವ್ವ, "ಅಳಿಲು ಓಯ್ತೇನ್ಲಾ?" ಎಂದು ಕೇಳಿದಳು.

ಹೊಸ ಪೆಟ್ಟಿಗೆಗೆ ಹಾಕಿದ್ದ ಒಂದು ವರ್ಷದ ಫೋಟೋಗಳು ಹೋದವು. ಅವುಗಳಲ್ಲಿ ಬಹುಪಾಲು ನಾನೇ ತೆಗೆದವಾದ್ದರಿಂದ ಯಾರೂ ದುಃಖಿಸಲಿಲ್ಲ. ಅಪ್ಪನ ಅರ್ಧ ನಿಮಿಷವನ್ನು ಆರು ಸಿ.ಡಿ.ಗೆ ಹಾಕಿಸಿ ಆರು ನೆಂಟರ ಮನೆಗೆ ಕಳಿಸಿದೆ. ಹೊಲಕ್ಕೆ ಕಟ್ಟಬಾರದು ಎಂದು ಪ್ರತಿಯೊಂದರ ಮೇಲೂ ಬರೆದೆ. ಪೆಟ್ಟಿಗೆಗೆ ಈ ಸಲ ಒಂದು ನೀಲಿ, ಒಂದು ಹಸಿರು ತಂದೆ. ಇದು ಯಾರು ಹೇಳಿದ್ದು ಎಂದು ಅಣ್ಣ ಕೇಳಿದಾಗ ನಾಗೇಶ ಎಂದೆ. ಹಳ್ಳಿಕಾರನ ಪಕ್ಕ ಎಮ್ಮೆ ಕಟ್ಟಿದ ಆ ಜೋಡಿ ನಾಲ್ಕು ವರ್ಷದಿಂದ ನಡೆಯುತ್ತಿದೆ. ಸೋಮವಾರ ಅದಕ್ಕೂ ರಜೆ. ಆ ದಿನ ಗುಂಡಿ ಒತ್ತಿ ಪೆಟ್ಟಿಗೆಯನ್ನು ನಿಲ್ಲಿಸುವುದು ವಿಜ್ಞಾನದ ಮೇಷ್ಟ್ರೇ. ಅಣ್ಣ ಮಾತ್ರ ಆ ವರ್ಷ ಮೂರು ಜನ ಎತ್ತು ನೋಡಲು ಕರೆದಾಗ, ಕಣ್ಣು ಮೊದಲಿನ ಹಾಗಿಲ್ಲ ಎಂದು ಹೇಳಿ ಕಳಿಸಿದ. ಅದನ್ನು ಗೋಡೆಯ ಈಚೆಯಿಂದ ಕೇಳಿಸಿಕೊಂಡು ನಾನು ಮೂರು ಸಲವೂ ಸುಮ್ಮನಿದ್ದೆ.

ಮೊನ್ನೆ ಅಣ್ಣ ಯಾವುದೋ ಅರ್ಜಿ ಬರೆಸಲು ನಮ್ಮ ಮನೆಗೆ ಬಂದಿದ್ದ. ಕಾಗದ ಹುಡುಕಲು ನಾನು ಒಳಗೆ ಹೋಗಿ ಬರುವಷ್ಟರಲ್ಲಿ, ಮೇಜಿನ ಡ್ರಾಯರಿನಿಂದ ಆ ನೋಟ್‌ಬುಕ್ ಅವನ ಕೈಗೆ ಬಂದಿತ್ತು. ಮೂರನೆಯ ಹಾಳೆ ತೆರೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಿದ್ದ. ಅವನು ನಿಧಾನವಾಗಿ ಅದನ್ನು ಮುಚ್ಚಿ ನನ್ನ ಕೈಗಿಟ್ಟು, "ನಿನ್ ಬರವಣಿಗೆ ಅಪ್ಪನ ತರಾನೇ ಕಣ್ಲಾ, ಒಂದಕ್ಸರಾನೂ ಓದಕ್ಕಾಗಲ್ಲ" ಎಂದ. ಅರ್ಜಿ ಬರೆಸಿಕೊಂಡು, ಕಾಫಿ ಕುಡಿದು, ನಾಳೆ ಯಾರಿಗೋ ಎತ್ತು ನೋಡಿಕೊಡಲು ಹೋಗುವುದಿದೆ ಎಂದು ಹೇಳಿ ಹೊರಟುಹೋದ. ಅಂದಿನಿಂದ ನನಗೆ ಮತ್ತೆ ಕೂತಲ್ಲಿ ಕೂರಲಾಗುತ್ತಿಲ್ಲ. ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ. ಕೊನೆಯ ಬೆಂಚಿನ ಹುಡುಗರೂ ಇದುವರೆಗೆ ನನ್ನ ಅಕ್ಷರ ಓದಲಾಗುವುದಿಲ್ಲ ಎಂದವರಲ್ಲ.